ಮಹಡಿಯಿಂದ ಮಹಡಿಗೆ ಕಥೆ ಸಾಗಿಸುವ ಲಿಫ್ಟಕ್ಕ

ಬೆಳಕು ಹರಿಯುವ ಹೊತ್ತಿಗೆ ಆಸ್ಪತ್ರೆಯ ಹಳೆಯ ಲಿಫ್ಟು ಗೊರಗೊರ ಸದ್ದು ಮಾಡುತ್ತ ಕೆಳಗಿಳಿದು ನಿಲ್ಲುತ್ತದೆ. ಒಳಗಿನ ಹೆಂಗಸು ಸ್ಟೂಲಿನಿಂದೆದ್ದು, ಒದ್ದೆ ಬಟ್ಟೆಯಿಂದ ಬಟನ್‌ಗಳನ್ನು ಒರೆಸಿ, ಜಾಲರಿ ಬಾಗಿಲನ್ನು ಸರ್ರನೆ ಎಳೆಯುತ್ತಾರೆ. ಫ್ಲಾಸ್ಕ್ ಹಿಡಿದ ಅಜ್ಜಿಯೊಬ್ಬರು ಒಳಬರುತ್ತಾರೆ. ಕಂಕುಳಲ್ಲೊಂದು ಪುಸ್ತಕ.

"ಎಲ್ಲಿಗೆ ಬಂತು ಅಜ್ಜಿ ಕಥೆ?"

"ಆ ಹುಡುಗಿ ಕೊನೆಗೂ ಅವನನ್ನೇ ಒಪ್ಕೊಂಡ್ಲು ಕಣಮ್ಮ. ನಂಗಂತೂ ಸುತರಾಂ ಇಷ್ಟ ಇಲ್ಲ."

"ಹಾಗಾದ್ರೆ ನಾಲ್ಕನೇ ಮಹಡಿ ಮೇಷ್ಟ್ರು ಓದ್ತಿರೋದನ್ನ ಇಸ್ಕೊಂಡು ಓದಿ. ಅದ್ರಲ್ಲಿ ಯಾರೂ ಯಾರನ್ನೂ ಮದುವೆ ಆಗಲ್ಲ."

ಅಜ್ಜಿ ನಗುತ್ತ ಇಳಿಯುತ್ತಾರೆ. ರಾತ್ರಿಯಿಡೀ ರೋಗಿಯ ಪಕ್ಕ ಕೂತು ಬಂದವರ ನಗು ಅದು.

ಈ ಆಸ್ಪತ್ರೆಯಲ್ಲಿ ಎಲ್ಲರಿಗೂ ಇವರು ಲಿಫ್ಟಕ್ಕ. ರೋಗಿಗಳನ್ನೂ ಅವರ ಮನೆಯವರನ್ನೂ ಮೇಲೆ ಕೆಳಗೆ ಒಯ್ಯುವುದು ಕೆಲಸ. ಜೊತೆಗೆ, ಯಾವ ಮಹಡಿಯಲ್ಲಿ ಯಾರು ಏನು ಓದುತ್ತಿದ್ದಾರೆ, ಅವರಿಗೆ ಯಾಕೆ ಹಿಡಿಸಿತು ಎಂಬುದನ್ನು ಮಿಕ್ಕ ಮಹಡಿಗಳಿಗೆ ಮುಟ್ಟಿಸುವುದು ತಾವಾಗಿಯೇ ಮೈಮೇಲೆ ಎಳೆದುಕೊಂಡ ಕೆಲಸ. ದಿನಕ್ಕೆ ಎಷ್ಟು ಸಲ ಹತ್ತಿಳಿಯುತ್ತೀರಿ ಎಂದು ನಾನು ಕೇಳಿದರೆ, "ಎಣಿಸೋಕೆ ಹೋದ್ರೆ ತಲೆ ತಿರುಗುತ್ತೆ ಸಾರ್" ಎನ್ನುತ್ತಾರೆ.

ವರ್ಷಗಳ ಹಿಂದೆ, ಗೋಡೆಗೆ ಬಣ್ಣ ಬಳಿಯುತ್ತಿದ್ದ ಇವರ ಗಂಡ ಸಾರುವೆಯಿಂದ ಬಿದ್ದು, ತಿಂಗಳುಗಟ್ಟಲೆ ಇದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಹೊರಗಿನ ಬೆಂಚೇ ಇವರ ಮನೆ. "ಪಕ್ಕದಲ್ಲಿ ಒಬ್ರು ಓದ್ತಾ ಓದ್ತಾ ಅಳ್ತಿದ್ರು. ಯಾರಿಗೆ ಏನಾಯ್ತಮ್ಮ ಅಂದೆ. ಪುಸ್ತಕದಲ್ಲಿರೋ ಕುದುರೆ ಸತ್ತೋಯ್ತು ಅಂದ್ರು! ನಂಗೆ ನಗೂನೂ ಬಂತು, ಅಳೂನೂ ಬಂತು. ಮೊದಲಿಂದ ಹೇಳಿ ಅಂದೆ. ನಮ್ಮವರ ಆಪರೇಷನ್ ವಾರ ಪೂರ್ತಿ ಆ ಕುದುರೆ ಕಥೇಲೇ ಕಳೀತು."

ಗಂಡನ ಕಾಲು ಮತ್ತೆ ಮಡಚಲಿಲ್ಲ. ಮನೆಯನ್ನು ಅವರು ವಹಿಸಿಕೊಂಡರು, ಲಿಫ್ಟಿನ ಕೆಲಸಕ್ಕೆ ಇವರು ಸೇರಿದರು. ಸೊಂಟ ಹಿಡಿದುಕೊಳ್ಳುವುದು, ಬೇಸಿಗೆಯಲ್ಲಿ ಪೆಟ್ಟಿಗೆಯೊಳಗೆ ಬೇಯುವುದು ಈಗ ರೂಢಿಯಾಗಿದೆ. ರೂಢಿಯಾಗದ್ದು ಒಂದೇ. "ಅಳ್ತಾ ಬರೋರನ್ನ ಏನೂ ಕೇಳಲ್ಲ. ಸುಮ್ನೆ ಬಾಗಿಲು ಹಿಡ್ಕೊಂಡು ನಿಲ್ತೀನಿ."

ಹೋದ ವರ್ಷದ ಘಟನೆಯನ್ನು ಆಸ್ಪತ್ರೆಯವರು ಈಗಲೂ ನೆನೆಯುತ್ತಾರೆ. ಐದನೇ ಮಹಡಿಗೆ ವಯಸ್ಸಾದ ದರ್ಜಿಯೊಬ್ಬರು ಬಂದಿದ್ದರು. ಹೃದಯದ ಆಪರೇಷನ್ ಬೇಡವೆಂದು ಹಟ ಹಿಡಿದು, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. "ಪುಸ್ತಕ ಅಂದ್ರೆ ಪ್ರಾಣ ನಮ್ಮ ಮಾವನಿಗೆ. ಅದನ್ನೂ ಅರ್ಧಕ್ಕೆ ಮುಚ್ಚಿಟ್ರು" ಎಂದು ಸೊಸೆ ಲಿಫ್ಟಿನಲ್ಲಿ ಕಣ್ಣೊರೆಸಿಕೊಂಡಳು. ಮುಚ್ಚಿಟ್ಟದ್ದು ಒಂದು ಕಾದಂಬರಿ. ಅದರಲ್ಲಿ ಮನೆಯ ಹಿರಿಯಕ್ಕ ಒಂದು ಬೆಳಗ್ಗೆ ಯಾರಿಗೂ ಹೇಳದೆ ಹಡಗು ಹತ್ತಿ ಹೋಗುತ್ತಾಳೆ.

ಲಿಫ್ಟಕ್ಕನ ಕಿವಿ ನೆಟ್ಟಗಾಯಿತು. ಕಾಲು ಮುರಿದುಕೊಂಡು ಮೂರನೇ ಮಹಡಿಯಲ್ಲಿದ್ದ ಬಸ್ ಡ್ರೈವರ್ ಓದುತ್ತಿದ್ದದ್ದೂ ಅದನ್ನೇ! ಊಟದ ಬಿಡುವಿನಲ್ಲಿ ಐದನೇ ಮಹಡಿಗೆ ಹೋಗಿ ಹೇಳಿದರು: "ಕೆಳಗೊಬ್ರು ಡ್ರೈವರ್ ಇದ್ದಾರೆ. ತನ್ನ ತಮ್ಮನನ್ನ ಉಳಿಸೋಕೆ ಆ ಹಿರಿಯಕ್ಕ ಮನೆ ಬಿಟ್ಳು ಅಂತಾರೆ."

ಗೋಡೆ ಕಡೆಗಿದ್ದ ಮುಖ ತಿರುಗಿತು. "ಯಾವನ್ರೀ ಅವನು? ಹೆದರಿ ಓಡಿಹೋದ್ಳು ಅಂತ ಕಣ್ಣಿಗೆ ರಾಚೋ ಹಾಗೆ ಬರೆದಿದೆ. ಅವನಿಗೆ ಓದೋಕೆ ಬರುತ್ತೋ ಇಲ್ವೋ?"

ಆ ಸಂಜೆಯೇ ದರ್ಜಿ ಕನ್ನಡಕ ಕೇಳಿದರು. ಅಲ್ಲಿಂದ ಇಬ್ಬರ ನಡುವೆ ಜಗಳ ಶುರು. ನಡೆಯಲಾಗದ ಇಬ್ಬರಿಗೂ ಲಿಫ್ಟಕ್ಕನೇ ಬಾಯಿ. "ಅವರು ಬೈದಿದ್ರಲ್ಲಿ ಅರ್ಧ ನುಂಗಿ, ಅರ್ಧ ಮುಟ್ಟಿಸ್ತಿದ್ದೆ" ಎಂದು ನಗುತ್ತಾರೆ. ವಾದಕ್ಕೆ ಬಲ ಬೇಕೆಂದು ದರ್ಜಿ ಊಟ ಮಾಡತೊಡಗಿದರು. ಒಂದು ದಿನ ಡಾಕ್ಟರಿಗೆ, "ಆಯ್ತು, ಮಾಡಿ" ಎಂದರು.

ಆಪರೇಷನ್ ದಿನ ಅವರ ಸ್ಟ್ರೆಚರ್ ಕೆಳಗಿಳಿಯುವಾಗ ಲಿಫ್ಟು ಮೂರನೇ ಮಹಡಿಯಲ್ಲಿ ನಿಂತಿತು. ಎದುರಿಗೆ ಗಾಲಿಕುರ್ಚಿಯಲ್ಲಿ ಡ್ರೈವರ್. ನರ್ಸ್ ಗಡಿಯಾರ ನೋಡಿ, ಮೆಲ್ಲಗೆ ತಲೆಯಾಡಿಸಿದರು. ಲಿಫ್ಟಕ್ಕ ಬಾಗಿಲು ಹಿಡಿದು ನಿಂತರು.

"ನೀನೇನಾ ಅವನು?" ಎಂದರು ದರ್ಜಿ.

"ನಾನೇ ಯಜಮಾನ್ರೇ. ಹೆದರಿ ಓಡಿಹೋಗಿದ್ದಲ್ಲ ಅವಳು."

"ಇರು, ಬಂದು ಮಾತಾಡ್ತೀನಿ."

ಹಾಗೆಯೇ ಬಂದರು ಕೂಡ. ಲಿಫ್ಟು ತಡೆದು ನಿಲ್ಲಿಸಿದ್ದಕ್ಕೆ ಮೇಲ್ವಿಚಾರಕರು ಲಿಫ್ಟಕ್ಕನನ್ನು ಕರೆಸಿ ಚೆನ್ನಾಗಿ ಬೈದರು. "ಬೈದಿದ್ದು ನ್ಯಾಯಾನೇ. ರೂಲ್ಸು ರೂಲ್ಸೇ. ಆದ್ರೂ ಅವತ್ತು ಮನೆಗೆ ಹೋಗೋವಾಗ ಎದೆ ಉಬ್ಬಿತ್ತು ನೋಡಿ."

ತಪಾಸಣೆಗೆ ಮತ್ತೆ ಬಂದಾಗ ದರ್ಜಿ ಆ ಕಾದಂಬರಿಯನ್ನು ಇವರ ಕೈಗಿಟ್ಟು, "ಎಲ್ಲರನ್ನೂ ಕೇಳ್ತೀಯಲ್ಲಮ್ಮ, ನೀನೇನು ಓದ್ತಿದ್ದೀಯ?" ಎಂದರಂತೆ. ಅಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಅಷ್ಟೆಲ್ಲ ವಾದ ಹೊತ್ತರೂ ಪುಸ್ತಕದ ಒಂದು ಪುಟವನ್ನೂ ಇವರು ಓದಿರಲಿಲ್ಲ.

ಮನೆಯಲ್ಲಿ ಇವರು ತರಕಾರಿ ಹೆಚ್ಚುವಾಗ ಗಂಡ ಗಟ್ಟಿಯಾಗಿ ಓದಿದರು. ಗಂಡ ಸುಸ್ತಾದಾಗ ಇವರೇ ಅಕ್ಷರ ಕೂಡಿಸಿಕೊಂಡು ಓದಿದರು. ಪುಸ್ತಕ ಮುಗಿಯಿತು. ಹಾಗಾದರೆ ಯಾರು ಹೇಳಿದ್ದು ಸರಿ ಎಂದು ನಾನು ಕೇಳುತ್ತೇನೆ.

ಲಿಫ್ಟಕ್ಕ ಬಾಗಿಲೆಳೆದು, ಬಟನ್ ಒತ್ತಿ, ನನ್ನ ಕಡೆ ತಿರುಗುತ್ತಾರೆ.

"ಇಬ್ರದ್ದೂ ತಪ್ಪು ಸಾರ್. ಅವಳಿಗೆ ಸಮುದ್ರ ನೋಡ್ಬೇಕಿತ್ತು, ಅಷ್ಟೇ. ಅಕ್ಕಂದಿರಿಗೂ ಆಸೆ ಇರುತ್ತೆ ಅಂತ ಆ ಗಂಡಸರಿಗೆ ಹೊಳೀಲೇ ಇಲ್ಲ. ನಂಗೆ ಹೊಳೀತು."