ಗುನಾಕ್ಕೊಂದು ನಂಬರ್

ಗದಗಿನಲ್ಲಿ ನಾನು ಇಂಗ್ಲಿಷ್ ಕಲಿಸುವ ಕೋಚಿಂಗ್ ಕ್ಲಾಸಿಗೆ ಬರುವವರೆಲ್ಲ ಸರ್ಕಾರಿ ನೌಕರಿಯ ಆಸೆ ಹೊತ್ತವರು. ಅದರಲ್ಲೂ ಪೊಲೀಸ್ ಆಗಬೇಕೆನ್ನುವವರೇ ಹೆಚ್ಚು. ಅವರಿಗೆ ಕಳ್ಳರ ಪಾಠ ಮಾಡುವುದೆಂದರೆ ನನಗೆ ಎಲ್ಲಿಲ್ಲದ ಹುರುಪು. ಮನೆಯ ಕೀಲಿ ಮುರಿದು ನುಗ್ಗಿದರೆ ಬರ್ಗ್ಲರ್, ಹೆದರಿಸಿ ಕಸಿದುಕೊಂಡರೆ ರಾಬರ್, ಸದ್ದಿಲ್ಲದೆ ಎತ್ತಿಕೊಂಡು ಹೋದರೆ ಥೀಫ್, ಗಿರಾಕಿಯ ಸೋಗಿನಲ್ಲಿ ಬಂದು ಸೆರಗಿನೊಳಗೆ ಸೇರಿಸಿಕೊಂಡರೆ ಶಾಪ್‌ಲಿಫ್ಟರ್. ಲಕ್ಷ್ಮೇಶ್ವರದಿಂದ ಬರುವ ಒಬ್ಬಳು ಹುಡುಗಿ ಒಮ್ಮೆ ಕೈ ಎತ್ತಿ, “ಎಲ್ಲಾರೂ ಕಳ್ಳರ ಅಲ್ಲೇನ್ರಿ ಮೇಡಂ? ಇಷ್ಟ್ಯಾಕ ಹೆಸರಿಟ್ಟಾರ?” ಎಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು, ನಾನೂ ನಕ್ಕೆ.

ನಗು ನಿಂತ ಮೇಲೆ ಸಸ್ಪೆಕ್ಟ್, ಅಕ್ಯೂಸ್ಡ್, ಕನ್ವಿಕ್ಟ್ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅನುಮಾನ ಬಂದವನು, ಆರೋಪ ಬಂದವನು, ತಪ್ಪು ಮಾಡಿದನೆಂದು ಕೋರ್ಟು ಹೇಳಿದವನು. ಈ ಮೂವರನ್ನು ಒಬ್ಬನೇ ಅಂತ ತಿಳಿಯುವವರು ಪೊಲೀಸ್ ಆಗಬಾರದು ಎಂದು ಗದರಿಸುತ್ತಿದ್ದೆ. ಪರೀಕ್ಷೆಗೆ ಓದಿ ಮರೆಯುವ ಮಾತಾಗಿತ್ತು ಅದು, ಅವರಿಗೂ, ನನಗೂ.

ನಮ್ಮ ಮನೆ ಮುಂಡರಗಿಯಲ್ಲಿ. ಅವ್ವ ಮತ್ತು ಅಣ್ಣನ ಸಂಸಾರ ಅಲ್ಲಿರುತ್ತದೆ. ನಾನು ಗದಗಿನಲ್ಲಿ ರೂಮು ಮಾಡಿಕೊಂಡು, ರವಿವಾರ ಬಸ್ ಹತ್ತಿ ಹೋಗಿ ಬರುತ್ತೇನೆ. ಅಣ್ಣನದು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಡೋಣಿ ಗ್ರಾಮದಿಂದ ಹಿಡಿದು ಹೊಳೆದಂಡೆಯ ಊರುಗಳವರೆಗೆ ರೈತರೆಲ್ಲ ಅವನನ್ನು ‘ಮೋಟಾರ್ ಸಾಬ್ರು’ ಎನ್ನುತ್ತಾರೆ. ಹಳೆಯ ತಾಮ್ರದ ತಂತಿಯನ್ನು ಕೊಳ್ಳುವುದೂ ಅವನ ಉದ್ಯೋಗದ ಭಾಗವೇ. ಯಾರೋ ಗುರುತಿನವನು ತಂದು ಹಾಕಿದ ಒಂದು ಕಟ್ಟು ತಂತಿ, ಸಿಂಗಟಾಲೂರು ಕಡೆಯ ಯಾವುದೋ ಹೊಲದ ಮೋಟಾರ್ ಮನೆಯಿಂದ ಕದ್ದ ಕೇಬಲ್ ಸುಲಿದದ್ದಾಗಿತ್ತು. ಅವನು ಸಿಕ್ಕಿಬಿದ್ದ, ಅಣ್ಣನ ಅಂಗಡಿ ತೋರಿಸಿದ. ಪೊಲೀಸರು ಬಂದರು.

ಮರುದಿನ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಫೋಟೋ ಬಂತು. ಮುಂದೆ ಟೇಬಲ್ಲಿನ ಮೇಲೆ ತಾಮ್ರದ ಸುರುಳಿ, ಅದರ ಹಿಂದೆ ಕುರ್ಚಿಯಲ್ಲಿ ಅಧಿಕಾರಿಗಳು, ಎಲ್ಲರ ಹಿಂದೆ ಆ ತಂತಿ ತಂದವನ ಪಕ್ಕ ನಿಂತ ಅಣ್ಣ. ಕೆಳಗೆ ‘ಕೇಬಲ್ ಕಳ್ಳರ ಬಂಧನ’ ಎಂದಿತ್ತು. ನನ್ನ ಅಷ್ಟೆಲ್ಲ ಇಂಗ್ಲಿಷ್ ಶಬ್ದಗಳು ಎಲ್ಲಿ ಹೋದವು? ಸಸ್ಪೆಕ್ಟ್ ಇಲ್ಲ, ಅಕ್ಯೂಸ್ಡ್ ಇಲ್ಲ. ಕದ್ದವನೂ ಕಳ್ಳ, ತಿಳಿಯದೆ ಕೊಂಡವನೂ ಕಳ್ಳ.

ಜಾಮೀನಾಗಿ ಅಣ್ಣ ಮನೆಗೆ ಬಂದ ಮೇಲೆ ಇನ್ನೊಂದು ತೊಡಕು ಶುರುವಾಯಿತು. ಅದಕ್ಕೆ ಕಾರಣ ಒಂದು ಶಬ್ದ. ನಮ್ಮ ಕಡೆ ಪೊಲೀಸರ ಕಾಗದದಲ್ಲಿ ಅಪರಾಧಕ್ಕೆ ‘ಗುನ್ನೆ’ ಎಂದು ಬರೆಯುತ್ತಾರೆ. ನಮ್ಮ ಮನೆಯಲ್ಲಿ ‘ಗುನಾ’ ಎಂದರೆ ಪಾಪ. ಅಲ್ಲಾನ ಮುಂದೆ ಲೆಕ್ಕ ಒಪ್ಪಿಸಬೇಕಾದದ್ದು. ಅಣ್ಣ ಫೋನಿನಲ್ಲಿ ವಕೀಲರಿಗೆ ಗುನ್ನೆ ನಂಬರ್ ಓದಿ ಹೇಳುತ್ತಿದ್ದಾಗ ಅವ್ವ ಅಕ್ಕಿ ಆರಿಸುವುದನ್ನು ಬಿಟ್ಟು ಎದ್ದು ಬಂದಳು.

“ಗುನಾಕ್ಕ ನಂಬರ್ ಇರ್ತಾವೇನು?”

ಅಣ್ಣ ಫೋನ್ ಇಟ್ಟ. “ಗುನಾ ಅಲ್ಲ ಬೇ, ಗುನ್ನೆ. ಸ್ಟೇಷನ್ನಿನ ಮಾತು ಅದು.”

“ಮಾಡಿಯೇನು, ಇಲ್ಲೋ? ಅಷ್ಟ ಹೇಳು.”

“ಇಲ್ಲ. ಅದು ಕದ್ದ ಮಾಲು ಅಂತ ನನಗ ಖರೇನ ಗೊತ್ತಿದ್ದಿಲ್ಲ.”

“ಮತ್ತ ಮಾಡದಾಂವನ ಹೆಸರಿಗೆ ಯಾಕ ಬರದಾರ?”

ನಡುವೆ ಬಾಯಿ ಹಾಕಿದವಳು ನಾನು. ಇಂಗ್ಲಿಷಿನಲ್ಲಿ ಸಿನ್ ಬೇರೆ, ಕ್ರೈಮ್ ಬೇರೆ, ಅಣ್ಣನ ಮೇಲೆ ಇರುವುದು ಬರೀ ಆರೋಪ ಎಂದು ಕ್ಲಾಸಿನಲ್ಲಿ ಹೇಳುವಂತೆಯೇ ಬಿಡಿಸಿ ಹೇಳಿದೆ. ಅವ್ವ ಕೊನೆಯವರೆಗೂ ಕೇಳಿಸಿಕೊಂಡಳು. “ನಿನ್ನ ಇಂಗ್ಲಿಷ್‌ನ್ಯಾಗ ಬ್ಯಾರೆ ಇರಬಹುದು ಬಿಡವಾ,” ಎಂದು ಒಳಗೆ ಹೋದಳು. ಆವತ್ತು ಅಣ್ಣನಿಗೆ ರೊಟ್ಟಿ ಬಡಿಸಿದಳು, ಎಣ್ಣೆ ಬೇಕೇನು ಎಂದು ಕೇಳಿದಳು, ಮುಖ ಮಾತ್ರ ನೋಡಲಿಲ್ಲ. ಅಣ್ಣ ಅದನ್ನು ಗಮನಿಸಿದ. ಸ್ಟೇಷನ್ನಿನಿಂದ ಬಂದಾಗಲೂ ಅವನ ಮುಖ ಅಷ್ಟು ಸಣ್ಣದಾಗಿರಲಿಲ್ಲ.

ಚಾರ್ಜ್‌ಶೀಟ್ ಆದ ಮೇಲೆ ವಕೀಲರು ನಮ್ಮಿಬ್ಬರನ್ನೂ ಕರೆಸಿದರು. ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಮಾತಾಡುವುದು ಗೊತ್ತಿಲ್ಲ. “ಕಬೂಲ್ ಆಗಿಬಿಡ್ರಿ. ಜಡ್ಜ್ ಸಾಹೇಬ್ರು ದಂಡ ಹಾಕಿ ಬಿಟ್ಟರೂ ಬಿಡಬಹುದು. ಇಲ್ಲಾಂದ್ರ ವರ್ಷಾನುಗಟ್ಟಲೆ ತಾರೀಖಿಗೆ ಅಡ್ಡಾಡಬೇಕಾಗತೈತಿ,” ಎಂದರು.

ನನಗೆ ತಡೆಯಲಾಗಲಿಲ್ಲ. “ಕಬೂಲ್ ಅಂದ್ರ ಗಿಲ್ಟಿ ಅಂದಂಗ್ರಿ ಸರ್. ಇವತ್ತ ಅಕ್ಯೂಸ್ಡ್ ಇದ್ದಾಂವ ನಾಳಿಗೆ ಕನ್ವಿಕ್ಟ್ ಆಗ್ತಾನು.”

“ನೀವು ಇಂಗ್ಲಿಷ್ ಮೇಡಮ್ಮರು, ನಿಮಗ ಶಬ್ದ ದೊಡ್ಡವು. ಅವರಿಗೆ ಅಂಗಡಿ ದೊಡ್ಡದರಿ,” ಎಂದರು ವಕೀಲರು.

ಆ ಮಾತು ನನಗೆ ನಾಟಿತು. ಅಂಗಡಿಯ ಮುಂದೆ ಸುಟ್ಟ ಮೋಟಾರು ಕಟ್ಟಿಕೊಂಡ ಬೈಕುಗಳು ನಿಲ್ಲುವುದು ಕಡಿಮೆಯಾಗಿದ್ದು ಸುಳ್ಳಲ್ಲ. ನಾನು ಅಣ್ಣನ ಕಡೆ ನೋಡಿದೆ. ಅವನು ತನ್ನ ಬೆರಳುಗಳಿಗೆ ಅಂಟಿದ್ದ, ತಂತಿಗೆ ಹಚ್ಚುವ ವಾರ್ನಿಶ್ ಕೆರೆಯುತ್ತ ಕೂತಿದ್ದ.

“ಒಂದ ಸಲ ಕಬೂಲ್ ಅಂದೀನ್ರಿ, ನಿಕಾದಾಗ,” ಎಂದ. “ಅದು ಖರೆ ಇತ್ತು. ಸುಳ್ಳ ಕಬೂಲ್ ನನ್ನ ಬಾಯಾಗ ಬರಂಗಿಲ್ಲ. ಮಾಡಿಲ್ಲ ಅಂತ ನಮ್ಮವ್ವನ ಮುಂದ ಹೇಳೀನಿ. ಕೋರ್ಟಿನ್ಯಾಗ ಮಾಡೀನಿ ಅಂದ್ರ ಆಕಿಗೆ ಯಾವ ಮಾರಿ ತೋರಿಸಲಿ? ಅಂಗಡಿ ಹೋದ್ರ ಹೋಗಲಿ.”

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ನನಗೆ ಅವನ ಮೇಲೆ ಎಷ್ಟು ಹೆಮ್ಮೆಯಾಯಿತೆಂದರೆ, ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳಬೇಕೆನಿಸಿತು. ಕೋರ್ಟಿನಲ್ಲೂ ಅವನು ಹಾಗೆಯೇ ನಿಂತ. ನ್ಯಾಯಾಧೀಶರು ಕೇಳಿದಾಗ, “ಇಲ್ರಿ, ನಾ ಮಾಡಿಲ್ಲ,” ಎಂದ. ಕಟಕಟೆಯಿಂದ ಇಳಿದು ಹೊರಗೆ ಬಂದವನು ಮೊದಲು ಕೇಳಿದ್ದು, “ಅವ್ವಗ ಫೋನ್ ಮಾಡಿ ಹೇಳಿದೇನು?” ಎಂದು. ಹೇಳಿದ್ದೆ. ಅವ್ವ, “ಆತು,” ಎಂದಿದ್ದಳು.

ಆಮೇಲೆ ತಾರೀಖುಗಳು ಬಂದವು, ಹೋದವು. ಸಾಕ್ಷಿ ಬರಲಿಲ್ಲ ಎಂದು ಒಮ್ಮೆ, ಇನ್ನೇನೋ ಕಾರಣಕ್ಕೆ ಇನ್ನೊಮ್ಮೆ. ಪ್ರತಿ ಸಲವೂ ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಬರುತ್ತಿದ್ದ.

ಹೋದ ರವಿವಾರ ಊರಿಗೆ ಹೋಗಿದ್ದೆ. ಸಂಜೆಯ ಮುಂದೆ ಅವ್ವ ಅಸರ್ ನಮಾಜು ಮುಗಿಸಿ ಎರಡೂ ಅಂಗೈ ಎತ್ತಿ ಕೂತಿದ್ದಳು. ಅವ್ವನ ದುವಾ ಅರ್ಧ ಉರ್ದು, ಅರ್ಧ ಕನ್ನಡ, ಅದೂ ಪಕ್ಕದವರಿಗೆ ಕೇಳುವಷ್ಟು ಗಟ್ಟಿ. ನಾನು ಹುಟ್ಟಿದಾಗಿನಿಂದ ಕೇಳಿದ ಮಾತು, ನಮ್ಮೆಲ್ಲರ ಗುನಾ ಮಾಫ್ ಮಾಡು ಎನ್ನುವುದು. ಆವತ್ತು ಅವಳು ಅದನ್ನು ಹೇಳಲಿಲ್ಲ.

“ನನ್ನ ಮಗನ ಗುನಾ ಮಾಫ್ ಮಾಡು ಅಲ್ಲಾ,” ಎಂದಳು. “ಹೊಟ್ಟಿಪಾಡಿಗೆ ಮಾಡ್ಯಾನ. ಹೇಳಾಕ ನಾಚಿಕಿ ಅವಂಗ. ಮಾಫ್ ಮಾಡು.”

ಅಳುತ್ತಿದ್ದಳು. ನಾನು ಎದ್ದು ಏನೋ ಹೇಳಬೇಕೆಂದು ತಿರುಗಿದೆ. ಹೊಸ್ತಿಲ ಹೊರಗೆ ಅಣ್ಣ ಒಂದು ಕಾಲಿನ ಚಪ್ಪಲಿ ಬಿಟ್ಟು, ಇನ್ನೊಂದು ಬಿಡದೆ ನಿಂತಿದ್ದ.

ಅವನು ಏನೂ ಕೇಳದವನಂತೆ ಒಳಗೆ ಬಂದ, ಕೈ ತೊಳೆದುಕೊಂಡ, ಅವ್ವ ಕೊಟ್ಟ ಚಹಾ ಕುಡಿದ. ಅವ್ವ ಆವತ್ತು ಅವನ ಮುಖ ನೋಡಿದಳು, ತಲೆಯನ್ನೂ ಸವರಿದಳು. ಅದನ್ನು ನೋಡಲಾಗದೆ ನಾನು ಬ್ಯಾಗು ತೆಗೆದುಕೊಂಡು ಹೊರಟೆ. ಅಣ್ಣ ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಬಂದ. ಗದಗಿನ ಬಸ್ ಬಂದು ನಿಂತ ಮೇಲೆ ಹೇಳಿದ, “ವಕೀಲ್ರಿಗೆ ಫೋನ್ ಹಚ್ಚು. ಮುಂದಿನ ತಾರೀಖಿಗೆ ಕಬೂಲ್ ಅಂತೀನಿ ಅಂತ ಹೇಳು.”

“ನೀ ಮಾಡಿಲ್ಲಲ್ಲೋ ಅಣ್ಣಾ!” ನಾನು ಕೂಗಿಯೇಬಿಟ್ಟೆ. ಬಸ್ಸು ಹತ್ತುತ್ತಿದ್ದವರು ತಿರುಗಿ ನೋಡಿದರು.

“ಮಾಡಿಲ್ಲ,” ಎಂದ. “ಇನ್ನ ಯಾರ ಸಲುವಾಗಿ ಇಲ್ಲ ಅನ್ನಲಿ?”