ಮೂವತ್ತೊಂಬತ್ತು ಬಸ್ಕಿ

ಸಾಗರದ ನಮ್ಮ ಕೇರಿಯ ಗರಡಿಮನೆಯೊಳಗೆ ಹೆಂಗಸರು ಕಾಲಿಡುವಂತಿಲ್ಲ, ಆದರೂ ಅದಕ್ಕೂ ನಮ್ಮ ಮನೆಗೂ ನಡುವೆ ಒಂದೇ ಗೋಡೆಯಾದ್ದರಿಂದ ಬೆಳಗಿನ ಜಪಕ್ಕೆ ಕುಳಿತ ನನಗೆ ವಸ್ತಾದಿ ಬೆಳ್ಳಪ್ಪನವರ ಮಾತೆಲ್ಲ ಕೇಳಿಸುತ್ತದೆ. ಅರವತ್ತು ದಾಟಿದ ಅವರು ಕುಸ್ತಿ ಕಲಿಸುವುದಕ್ಕಿಂತ ನಿಲ್ಲಿಸುವುದೇ ಹೆಚ್ಚು. ನೆಗಡಿಯಾದವನನ್ನು ಮನೆಗೆ ಅಟ್ಟುತ್ತಾರೆ, ಗೆದ್ದವನಿಂದ ಸೋತವನ ಕಾಲಿಗೆ ಎಣ್ಣೆ ತಿಕ್ಕಿಸುತ್ತಾರೆ. ಗರಡಿಯ ಆಂಜನೇಯನೇ ಇಳಿದು ಬಂದು ತೊಡೆ ತಟ್ಟಿದರೂ, ಊಟವಾಗಿ ಎಷ್ಟು ಹೊತ್ತಾಯಿತೆಂದು ಮೊದಲು ಕೇಳುವವರು. ಲಿಂಗನಮಕ್ಕಿಯ ಅಣೆಕಟ್ಟಿನ ಕೆಲಸಕ್ಕೆ ಹೋಗುವ ಚಂದ್ರಯ್ಯ ಬೀಗುತ್ತಾ ಇನ್ನೂರು ದಂಡ ಹೊಡೆದರೆ, "ಕಸುವೆಲ್ಲ ಇಲ್ಲೇ ಚೆಲ್ಲಿದ್ರೆ ಮನೆಗೆ ಎಂತ ತಗಂಡು ಹೋಗ್ತೀಯಾ ಮಾರಾಯ?" ಎಂದು ಗದರುತ್ತಾರೆ. ತಾವು ಮಾತ್ರ ದಿನವೂ ಮೂವತ್ತೊಂಬತ್ತು ಬಸ್ಕಿ ಎಣಿಸಿ, ಅಲ್ಲಿಗೇ ನಿಲ್ಲಿಸಿ ಹೊರಡುತ್ತಾರೆ. "ಇನ್ನೊಂದು ಹೊಡೆದ್ರೆ ನಲವತ್ತಾಗ್ತಿತ್ತಲ್ಲ ವಸ್ತಾದ್ರೇ, ಮಂಡಿ ಸೋತ್ವಾ?" ಎಂದು ಚಂದ್ರಯ್ಯ ಕೆಣಕಿದರೆ, "ಅದೊಂದು ಮನೇಲೈತೆ ಕಣೋ" ಎನ್ನುತ್ತಾರೆ. ನಾನೂ ಅದನ್ನು ತಮಾಷೆಯೆಂದೇ ತಿಳಿದಿದ್ದೆ. ಕಳೆದ ಶುಕ್ರವಾರ ಪೂಜೆಯ ಪ್ರಸಾದ ಕೊಡಲು ಅವರ ಮನೆಗೆ ಹೋದೆ. ಐದು ವರ್ಷದಿಂದ ನಡೆಯಲಾರದ ಅವರ ಹೆಂಡತಿ ಹುಲಿಯಮ್ಮ ಚಾಪೆಯ ಮೇಲೆ ಮಲಗಿದ್ದರು. ಆಗಷ್ಟೇ ಗರಡಿಯಿಂದ ಬಂದ ಬೆಳ್ಳಪ್ಪನವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಹೆಂಡತಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅಂಗಳದ ಬಿಸಿಲಿಗೆ ಒಯ್ಯಲೆಂದು ನಿಧಾನವಾಗಿ ಮೇಲೆದ್ದರು. ಮಂಡಿ ಒಮ್ಮೆ ನಡುಗಿ, ಆಮೇಲೆ ನೆಟ್ಟಗಾಯಿತು. ಹುಲಿಯಮ್ಮ ಗಂಡನ ಕೊರಳು ಹಿಡಿದುಕೊಂಡು, "ನಲವತ್ತು" ಎಂದರು.