ನನ್ನ ತಂಗಿ ಕದ್ದು ತಿಂದಿರಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಹೇಳುವಾಗ ನನ್ನ ದನಿ ಏರುತ್ತದೆ. ಏರಲಿ. ಐದು ವರ್ಷವಾದರೂ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ. ನಾನು ಕೂಗಿದ ಕಡೆ ನೀನು ಪೆನ್ನು ಒತ್ತಿ ಬರಿ ಮಗಳೇ, ಓದುವವರಿಗೂ ಗೊತ್ತಾಗಲಿ.

ನನ್ನ ತಂಗಿಯನ್ನು ನಾವೆಲ್ಲ ಮಿಡತೆ ಅಂತಲೇ ಕರೆಯುತ್ತಿದ್ದೆವು. ಚಿಕ್ಕವಳಿದ್ದಾಗ ಅವಳು ನಡೆದದ್ದೇ ಇಲ್ಲ, ಎಲ್ಲಿಗೆ ಹೋದರೂ ಹಾರಿಕೊಂಡೇ. ಒಮ್ಮೆ ಹಾಗೆ ಹಾರಿ ನೀರಿನ ಹಂಡೆಯೊಳಗೆ ಬಿದ್ದಳು. ತಳ್ಳಿದ್ದು ನಾನು ಅಂತ ಇವತ್ತಿಗೂ ಹೇಳುತ್ತಾಳೆ. ಅದು ಸುಳ್ಳು. ಮುಕ್ಕಾಲು ಪಾಲು ಸುಳ್ಳು. ಅದಿರಲಿ.

ಇಪ್ಪತ್ತಾರು ವರ್ಷ ಅವಳು ಪೆಪ್ಪರಮೆಂಟಿನ ಕಾರ್ಖಾನೆಯಲ್ಲಿ ಕಾಗದ ಸುತ್ತಿದಳು. ಉದ್ದನೆಯ ತಗಡಿನ ಮೇಜು, ಎರಡೂ ಕಡೆ ಹೆಂಗಸರು, ನಡುವೆ ಕೆಂಪು, ಹಸಿರು ಪೆಪ್ಪರಮೆಂಟಿನ ರಾಶಿ. ಒಂದಕ್ಕೊಂದು ಅಂಟಬಾರದೆಂದು ಮೇಲೆ ಸಕ್ಕರೆ ಪುಡಿ ಉದುರಿಸುತ್ತಿದ್ದರು. ಒಂದು ತೆಗಿ, ಕಾಗದದಲ್ಲಿಡು, ಎರಡೂ ತುದಿ ತಿರುಚು, ಬುಟ್ಟಿಗೆ ಎಸಿ. ಅವಳ ಕೈ ಎಷ್ಟು ಚುರುಕೆಂದರೆ ನೋಡುವವರಿಗೆ ಬೆರಳೇ ಕಾಣುತ್ತಿರಲಿಲ್ಲ. ಸಂಜೆ ಮನೆಗೆ ಬಂದಾಗ ಕಣ್ಣಿನ ರೆಪ್ಪೆಯ ಮೇಲೂ ಸಕ್ಕರೆ. ಇರುವೆಗಳಿಗೆಲ್ಲ ಅವಳ ಗುರುತಿತ್ತು. ಆದರೆ ಒಂದು ಮಾತು. ಆ ಇಪ್ಪತ್ತಾರು ವರ್ಷದಲ್ಲಿ ಅವಳು ಒಂದೇ ಒಂದು ಪೆಪ್ಪರಮೆಂಟು ಬಾಯಿಗೆ ಹಾಕಿಕೊಂಡವಳಲ್ಲ. ದಿನವಿಡೀ ಅದರ ವಾಸನೆ ಕುಡಿದವಳಿಗೆ ಸಿಹಿ ಅಂದರೆ ಹೊಟ್ಟೆ ತೊಳೆಸುತ್ತಿತ್ತು. ಚಹಾಕ್ಕೂ ಸಕ್ಕರೆ ಬೇಡ. ಇದು ನನಗೆ ಗೊತ್ತಿತ್ತು, ಅವಳ ಗಂಡನಿಗೂ ಗೊತ್ತಿತ್ತು. ಗೊತ್ತಿದ್ದೂ ಏನು ಮಾಡಿದೆವು, ಕೇಳು.

ಅವಳಿಗೆ ಶುಗರ್ ಬಂತು. ನಮ್ಮ ಅಮ್ಮನಿಗಿತ್ತು, ಇವಳಿಗೂ ಬಂತು, ನನ್ನನ್ನು ಯಾಕೆ ಬಿಟ್ಟಿತೋ ಗೊತ್ತಿಲ್ಲ. ಡಾಕ್ಟರು ಬೆಳಿಗ್ಗೆ ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳಲು ಹೇಳಿದರು. ಬೆರಳು ಚುಚ್ಚಿ ನೋಡುವ ಚಿಕ್ಕ ಮಿಷಿನ್ ಕೊಡಿಸಿದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಲ, ಮಧ್ಯಾಹ್ನ ಊಟವಾಗಿ ಎರಡು ಗಂಟೆ ಕಳೆದ ಮೇಲೆ ಒಂದು ಸಲ ನೋಡಿ ಬರೆದಿಡಬೇಕು.

ಬರೆಯುವುದಕ್ಕೆ ಅವಳ ಗಂಡನಿದ್ದನಲ್ಲ! ವಾಚು ರಿಪೇರಿಯವನು. ನಾನು ಅವನನ್ನು ಗಡಿಯಾರದಪ್ಪ ಅನ್ನುತ್ತೇನೆ, ಎದುರಿಗೇ. ಕೆಟ್ಟವನಲ್ಲ, ಒಳ್ಳೆಯ ಮನುಷ್ಯನೇ, ಅದೇ ಇನ್ನೂ ಸಿಟ್ಟು ಬರಿಸುವುದು. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ, ತಾರೀಖು ಹಾಕಿ, ಕೆಂಪು ಇಂಕಿನಲ್ಲೊಂದು ಸಾಲು, ನೀಲಿಯಲ್ಲೊಂದು ಸಾಲು ಬರೆಯುತ್ತಿದ್ದ. ಮುತ್ತಿನಂಥ ಅಕ್ಷರ. ಬೆಳಗಿನದ್ದು ನೂರಹದಿನೈದು, ನೂರಿಪ್ಪತ್ತು. ಚೆನ್ನಾಗಿತ್ತು. ಮಧ್ಯಾಹ್ನದ್ದು ಮಾತ್ರ ಇನ್ನೂರ ಎಂಬತ್ತು, ಮುನ್ನೂರ ಹತ್ತು. ಭಾನುವಾರ ಮನೆಯಲ್ಲಿದ್ದರೆ ಮಧ್ಯಾಹ್ನವೂ ನೂರೈವತ್ತು ದಾಟುತ್ತಿರಲಿಲ್ಲ.

"ನೋಡಿ ಅತ್ತಿಗೆ," ಅಂದ ನನ್ನ ಮುಂದೆ ನೋಟ್‌ಬುಕ್ಕು ಹಿಡಿದು. "ರಜೆ ದಿನ ಸರಿಯಾಗಿರುತ್ತೆ, ಕೆಲಸದ ದಿನ ಏರುತ್ತೆ. ಇದಕ್ಕೇನರ್ಥ?"

"ನೀನೇ ಹೇಳಪ್ಪ."

"ಭಾನುವಾರ ಕೈಗೆ ಪೆಪ್ಪರಮೆಂಟು ಸಿಗಲ್ಲ. ಅದೇ ಅರ್ಥ."

ಮಿಡತೆ ಒಲೆಯ ಮುಂದೆ ನಿಂತಿದ್ದಳು. ಸೌಟು ಹಿಡಿದುಕೊಂಡೇ ತಿರುಗಿದಳು. "ರೀ, ನಾನು ಮುಟ್ಟಿಲ್ಲ ಅಂತ ಎಷ್ಟು ಸಲ ಹೇಳ್ಲಿ?"

"ಮುಟ್ಟದೆ ಸುತ್ತೋಕಾಗುತ್ತಾ?"

"ಬಾಯಿಗೆ ಮುಟ್ಟಿಸಿಲ್ಲ ಅಂದೆ!"

"ನಾನು ಹೇಳ್ತಿಲ್ಲ, ಮಿಷಿನ್ ಹೇಳ್ತಿದೆ. ಮನುಷ್ಯರು ಸುಳ್ಳು ಹೇಳ್ತಾರೆ, ಮಿಷಿನ್ ಹೇಳಲ್ಲ."

ಅವತ್ತಿನಿಂದ ಅವಳು ಸಂಜೆ ಮನೆಗೆ ಬಂದ ಕೂಡಲೇ ಬಾಗಿಲಲ್ಲೇ ನಾಲಿಗೆ ತೋರಿಸಬೇಕಿತ್ತು. ಕೆಂಪು, ಹಸಿರು ಬಣ್ಣ ಹತ್ತಿದೆಯೋ ಅಂತ. ಅವನು ವಾಚಿನ ಹಲ್ಲುಚಕ್ರ ನೋಡುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಿತ್ತಲ್ಲ, ಅದನ್ನೇ ಹಾಕಿಕೊಂಡು ನೋಡುತ್ತಿದ್ದ. ಐವತ್ತಾರು ವರ್ಷದ ಹೆಂಗಸು, ಮಗಳ ಮದುವೆ ಮಾಡಿ ಕಳಿಸಿದವಳು, ಚಪ್ಪಲಿ ಬಿಡುವ ಮೊದಲು ಆ ಅಂತ ಬಾಯಿ ತೆರೆದು ನಿಲ್ಲಬೇಕು! ನಾಲಿಗೆ ಶುಭ್ರವಾಗಿದ್ದರೆ "ನೀರು ಮುಕ್ಕಳಿಸಿ ಬಂದಿದಾಳೆ" ಅನ್ನುವನು. ಈಗ ನೀನೇ ಹೇಳು, ಹಾಗಂದರೆ ಆ ನಾಲಿಗೆ ಏನಾಗಿದ್ದರೆ ಅವನು ನಂಬುತ್ತಿದ್ದ?

ನಾನು ಏನು ಮಾಡಿದೆ ಅಂತ ಕೇಳಬೇಡ. ಬೇಡ, ಕೇಳು, ಬರಕೋ. ಒಂದು ದಿನ ಅವಳ ತಲೆ ಬಾಚುವ ನೆಪದಲ್ಲಿ ಬಗ್ಗಿ ಅವಳ ಉಸಿರು ಮೂಸಿ ನೋಡಿದೆ. ಅವಳಿಗೆ ಗೊತ್ತಾಯಿತು. "ನೀನೂನಾ ಅಕ್ಕಾ?" ಅಂದಳು. ಅಷ್ಟೇ ಅಂದದ್ದು. ನನ್ನ ಕೈಯಿಂದ ಬಾಚಣಿಗೆ ತಗೊಂಡು ತಾನೇ ಬಾಚಿಕೊಂಡಳು.

ಡಾಕ್ಟರು ನೋಟ್‌ಬುಕ್ಕು ನೋಡಿದರು. ಅವಳ ಮುಖ ನೋಡಲಿಲ್ಲ. ಹತ್ತು ಯೂನಿಟ್ ಇದ್ದ ಇನ್ಸುಲಿನ್ನು ಹದಿನಾರು ಮಾಡಿದರು. ಮತ್ತೆ ಹದಿನೈದು ದಿನಕ್ಕೆ ಇಪ್ಪತ್ತೆರಡು. "ಬಾಯಿಗೆ ಸ್ವಲ್ಪ ಬೀಗ ಹಾಕ್ಕೊಳ್ಳಮ್ಮ" ಅಂತ ಬುದ್ಧಿವಾದ ಬೇರೆ. ಮಿಡತೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೈ ನಡುಗುತ್ತದೆ, ಬೆವರುತ್ತದೆ ಅಂದರೆ ಗಂಡ "ಶುಗರ್ ಜಾಸ್ತಿಯಾಗಿದೆ, ಅದಕ್ಕೇ" ಅನ್ನುತ್ತಿದ್ದ. ಹಸಿವೆ ಅಂದರೆ "ನೋಡು, ಚಪಲ" ಅನ್ನುತ್ತಿದ್ದ.

ಆ ದಿನ ನಾನು ಕಾರ್ಖಾನೆಗೆ ಹೋಗಿದ್ದೆ. ಅವಳ ಕನ್ನಡಕದ ಕಡ್ಡಿ ಮುರಿದಿತ್ತು, ಸರಿ ಮಾಡಿಸಿದ್ದನ್ನು ಕೊಟ್ಟು ಬರೋಣ ಅಂತ. ಹನ್ನೊಂದೂವರೆ ಇರಬೇಕು. ಅಲ್ಲಿಯ ಸೂಪರ್‌ವೈಸರ್‌ಗೆ ಹೆಂಗಸರು ಗಂಟೆಮಾಮ ಅಂತ ಹೆಸರಿಟ್ಟಿದ್ದರು. ಯಾರಾದರೂ ಎದ್ದರೆ ಸಾಕು, ಟಣಟಣ ಗಂಟೆ ಬಾರಿಸುತ್ತಿದ್ದ. ನಲ್ಲಿ ಇದ್ದದ್ದು ಅಂಗಳದ ಆ ತುದಿಯಲ್ಲಿ. ಊಟದ ಹೊತ್ತು ಬಿಟ್ಟು ಯಾರೂ ಅಲ್ಲಿಗೆ ಹೋಗುವ ಹಾಗಿಲ್ಲ. ಕೈ ಅಂಟಿದರೆ ಒರೆಸಿಕೊಳ್ಳಲು ಮೇಜಿಗೊಂದು ಒದ್ದೆ ಬಟ್ಟೆ, ಹನ್ನೆರಡು ಜನಕ್ಕೆ ಅದೊಂದೇ. ಮುಟ್ಟಿದರೆ ಅದೇ ಕೈಗೆ ಅಂಟುತ್ತಿತ್ತು.

ನಾನು ಒಳಗೆ ಹೋದಾಗ ಮಿಡತೆ ಮೇಜಿನ ಮೇಲೆ ತಲೆ ಇಟ್ಟಿದ್ದಳು. ಸೀರೆಯೆಲ್ಲ ಬೆವರಿಗೆ ತೊಯ್ದಿತ್ತು. ಕರೆದರೆ ನನ್ನನ್ನು ನೋಡಿ ಯಾರೋ ಅನ್ನುವ ಹಾಗೆ ನೋಡಿದಳು. ಪಕ್ಕದಲ್ಲಿ ಕೂತು ಪೊಟ್ಟಣ ತೂಗುವ ಹೆಂಗಸು, ಅವಳನ್ನು ತೂಕದಮ್ಮ ಅನ್ನೋಣ, ಒಂದು ಪೆಪ್ಪರಮೆಂಟು ತೆಗೆದು ಇವಳ ಬಾಯಿಗೆ ಹಿಡಿದಳು. "ನಮ್ಮ ಮಾವನಿಗೆ ಹಿಂಗೇ ಆಗ್ತಿತ್ತು, ಸಿಹಿ ಕೊಟ್ರೆ ಸರಿಹೋಗ್ತಿದ್ರು."

ಮಿಡತೆ ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡಳು. ತಲೆ ಅಲ್ಲಾಡಿಸಿದಳು. ಜ್ಞಾನ ಅರ್ಧ ಹೋಗಿದೆ, ಆದರೂ ಬೇಡ ಅನ್ನುತ್ತಾಳೆ! "ನಾಲಿಗೆ... ನಾಲಿಗೆ ಕೆಂಪಾಗುತ್ತೆ" ಅಂದಳು.

"ತಡಿ ತಡಿ, ಮಿಷಿನ್ ನೋಡೋಣ" ಅಂದವಳು ನಾನು. ಅವಳ ಚೀಲದಿಂದ ಮಿಷಿನ್ ತೆಗೆದೆ. ತೂಕದಮ್ಮ ಅದೇ ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ ಚುಚ್ಚಿದಳು. ಇನ್ನೂರ ನಲವತ್ತೊಂದು.

ನಾನು ತೂಕದಮ್ಮನ ಕೈಯಿಂದ ಪೆಪ್ಪರಮೆಂಟು ಕಿತ್ತು ಎಸೆದೆ. "ಇಷ್ಟು ಏರಿದೆ, ಸಿಹಿ ಕೊಟ್ಟು ಕೊಲ್ತೀಯಾ?" ಅಂದೆ. ಹೌದು, ನಾನೇ. ಈ ಬಾಯಿಯೇ.

ಗಂಟೆಮಾಮ ಗಂಟೆ ಬಾರಿಸುತ್ತಲೇ ಇದ್ದ. ಹೆಂಗಸರು ಅವನನ್ನು ತಳ್ಳಿಕೊಂಡೇ ಮಿಡತೆಯನ್ನು ಹೊತ್ತು ರಸ್ತೆ ದಾಟಿಸಿದರು. ಎದುರಿಗೇ ಕ್ಲಿನಿಕ್ಕು. ಡಾಕ್ಟರು ಇನ್ನೂ ಬಂದಿರಲಿಲ್ಲ, ಒಬ್ಬಳು ನರ್ಸ್ ಇದ್ದಳು, ಗಟ್ಟಿ ಹೆಂಗಸು. ನಾನು "ಇನ್ನೂರ ನಲವತ್ತೊಂದು ಇದೆ, ಈಗ ತಾನೇ ನೋಡಿದ್ವಿ" ಅಂದೆ.

ಅವಳು ಮಿಡತೆಯ ಕೈ ಹಿಡಿದಳು, ಬಿಟ್ಟಳು. ತನ್ನ ಅಂಗೈ ನೋಡಿಕೊಂಡಳು. ಅಂಟಂಟು.

"ಈ ಕೈ ತೊಳೆದಿದ್ರಾ?"

"ಒರೆಸಿದ್ವಿ."

"ಒರೆಸೋದಲ್ಲಮ್ಮ, ತೊಳೆಯೋದು!" ಅಂತ ಕಿರುಚಿದಳು. ಸೋಪು ಹಚ್ಚಿ, ಮಗ್ಗಿನಲ್ಲಿ ನೀರು ಸುರಿದು, ಬೆರಳು ಬೆರಳೂ ತಿಕ್ಕಿ ತೊಳೆದಳು, ಒಣಗಿಸಿದಳು, ಚುಚ್ಚಿದಳು.

ನಲವತ್ತಮೂರು.

ನಲವತ್ತಮೂರು ಅಂದರೆ ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ನನ್ನ ತಂಗಿ ಇರುತ್ತಿರಲಿಲ್ಲ. ಸುತ್ತಲೂ ಮೂಟೆ ಮೂಟೆ ಸಿಹಿ ಇಟ್ಟುಕೊಂಡು, ಸಕ್ಕರೆ ಸಾಲದೆ ಸಾಯುತ್ತಿದ್ದಳು. ನರ್ಸು ಕೈಯ ನರಕ್ಕೆ ಗ್ಲೂಕೋಸ್ ಏರಿಸುತ್ತಾ ಹೇಳಿದಳು, "ಮಿಷಿನ್‌ಗೇನು ಗೊತ್ತು, ಈ ಸಕ್ಕರೆ ರಕ್ತದ್ದೋ ಬೆರಳಿಂದೋ ಅಂತ? ಎರಡೂ ಸೇರಿಸಿ ಹೇಳುತ್ತೆ." ಆಗ ನನಗೆ ಎಲ್ಲ ಹೊಳೆಯಿತು. ಊಟಕ್ಕೆ ಕೈ ತೊಳೆಯುತ್ತಿದ್ದಳು, ಸರಿ. ಆದರೆ ಊಟವಾದ ಎರಡು ಗಂಟೆಗೆ ಅಂದರೆ ಕೆಲಸದ ನಡುವೆ, ಮತ್ತೆ ಸಕ್ಕರೆ ಪುಡಿಯ ನಡುವೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಚುಚ್ಚಿಕೊಂಡಿದ್ದಳು, ಪಾಪ, ಮೂರು ತಿಂಗಳು. ಭಾನುವಾರ ಕೈಯಲ್ಲಿ ಸಕ್ಕರೆ ಇರುತ್ತಿರಲಿಲ್ಲ, ಅಷ್ಟೇ.

ಕಾಲು ಗಂಟೆಯಲ್ಲಿ ಅವಳಿಗೆ ಪೂರ್ತಿ ಎಚ್ಚರ ಬಂತು. ನನ್ನನ್ನು ನೋಡಿ ಮೊದಲು ಕೇಳಿದ್ದೇನು ಗೊತ್ತಾ? "ನಾನು ತಿನ್ನಲಿಲ್ಲ ಅಲ್ವಾ ಅಕ್ಕಾ?"

ನಾನು ಅಲ್ಲಿಂದ ಎದ್ದು ಸೀದಾ ಕಾರ್ಖಾನೆಗೆ ಹೋದೆ. ಗಂಟೆಮಾಮನ ಕೈಯಿಂದ ಗಂಟೆ ಕಿತ್ತುಕೊಂಡೆ. ಏನೇನು ಅಂದೆನೋ ಅದನ್ನು ನೀನು ಬರೆಯುವ ಹಾಗಿಲ್ಲ. ಮರುದಿನದಿಂದ ಒಂದೊಂದು ಮೇಜಿನ ಪಕ್ಕಕ್ಕೂ ಸೋಪು, ಬಕೆಟ್ ನೀರು ಬಂತು. ಅವತ್ತು ಹೊರಡುವಾಗ ರಾಶಿಯಿಂದ ಒಂದು ಹಿಡಿ ಪೆಪ್ಪರಮೆಂಟು ಬಾಚಿಕೊಂಡೆ. ಅವನು ಕೇಳಲಿಲ್ಲ. ಕೇಳಲಿ ನೋಡೋಣ.

ಸಂಜೆ ಮಿಡತೆ ಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಗಡಿಯಾರದಪ್ಪ ನೋಟ್‌ಬುಕ್ಕು ಬಿಚ್ಚಿಕೊಂಡು ಪೆಚ್ಚು ಮೋರೆ ಹಾಕಿದ್ದ. "ಅದು ಹೆಂಗೆ ಅತ್ತಿಗೆ, ಮಿಷಿನ್ ಹೊಸದು..."

"ಕೈ ಕೊಡು."

ಎರಡು ಪೆಪ್ಪರಮೆಂಟು ಅವನ ಬೆರಳ ಸಂದಿಗಿಟ್ಟು ಉಜ್ಜಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಕಾರ್ಖಾನೆಯಲ್ಲಿ ಒರೆಸುವ ಹಾಗೇ. ಚುಚ್ಚಿದೆ. ಸ್ವಲ್ಪ ಜೋರಾಗಿಯೇ ಚುಚ್ಚಿದೆ ಅನ್ನು. ಮುನ್ನೂರ ಹದಿನೆಂಟು.

ಅವನ ಮುಖ ಬಿಳಿಚಿಕೊಂಡಿತು. "ನನಗೆ ಶುಗರ್ ಇಲ್ಲ!"

"ಹಂಗಾದ್ರೆ ಕದ್ದು ತಿಂದಿದೀಯ."

"ಅಯ್ಯೋ, ನಿಮ್ಮೆದುರಿಗೇ ಕೂತಿದೀನಲ್ಲ ಅತ್ತಿಗೆ, ನಾನೆಲ್ಲಿ ತಿಂದೆ?"

"ನೀನು ಸುಳ್ಳು ಹೇಳಬಹುದಪ್ಪ. ಮಿಷಿನ್ ಹೇಳಲ್ವಲ್ಲ. ಎಲ್ಲಿ, ನಾಲಿಗೆ ತೋರಿಸು." ಅವನ ಭೂತಗನ್ನಡಿ ತೆಗೆದು ನನ್ನ ಕಣ್ಣಿಗೆ ಸಿಕ್ಕಿಸಿಕೊಂಡೆ. ನನಗದು ನಿಲ್ಲಲಿಲ್ಲ, ಕೈಯಲ್ಲಿ ಒತ್ತಿ ಹಿಡಿದುಕೊಂಡೆ. "ಆ ಅನ್ನು! ಇನ್ನೂ ದೊಡ್ಡದಾಗಿ!"

ಅವನು ಆ ಅಂದ. ಅಂದವನು ಹಾಗೇ ಅತ್ತುಬಿಟ್ಟ. ಅಳಲಿ ಅಂತ ಬಿಟ್ಟೆ. ಆಮೇಲೆ ಸೋಪಿನಲ್ಲಿ ಕೈ ತೊಳೆಸಿ ಚುಚ್ಚಿದೆ. ತೊಂಬತ್ತೆಂಟು.

ಮಿಡತೆ ಗೋಡೆ ಬಿಟ್ಟು ನೆಟ್ಟಗೆ ಕೂತಳು. ಈಗ, "ರೀ, ಆ ಪೆನ್ನು ತಗೊಳ್ಳಿ" ಅಂದಳು. "ಮೊದಲನೇ ಹಾಳೆಯಿಂದ. ಒಂದೊಂದು ಮಧ್ಯಾಹ್ನದ ಮುಂದೆಯೂ ಬರೀರಿ. ಕೈ ತೊಳೆದಿರಲಿಲ್ಲ, ತಿಂದಿರಲಿಲ್ಲ, ಅಂತ. ಡಾಕ್ಟರಿಗೂ ಇದನ್ನೇ ತೋರಿಸಬೇಕು."

"ಎಲ್ಲದಕ್ಕೂನಾ? ಎಪ್ಪತ್ತು ಚಿಲ್ಲರೆ ಇದೆ ಕಣೇ."

"ಎಪ್ಪತ್ತು ಚಿಲ್ಲರೆ ದಿನ ನಾಲಿಗೆ ತೋರಿಸಿದೀನಿ."

ಅವನು ಬರೆದ. ಅದೇ ಮುತ್ತಿನಂಥ ಅಕ್ಷರದಲ್ಲಿ, ಒಂದೊಂದೇ ಸಾಲು, ಅವಳ ಕಣ್ಣ ಮುಂದೆ. ಡಾಕ್ಟರು ಅದನ್ನು ಓದಿ ಇನ್ಸುಲಿನ್ ಹತ್ತಕ್ಕೆ ಇಳಿಸಿದ್ದು ಆಮೇಲಿನ ಮಾತು. ಆ ಸಂಜೆ ಕೊನೆಯ ಹಾಳೆಗೆ ಬಂದಾಗ ಅವಳು ನೋಟ್‌ಬುಕ್ಕು ಅವನಿಂದ ತೆಗೆದು ನನ್ನ ಮುಂದಿಟ್ಟಳು. ಅವತ್ತಿನ ತಾರೀಖು. ಇನ್ನೂರ ನಲವತ್ತೊಂದು, ಅದರ ಕೆಳಗೆ ನಲವತ್ತಮೂರು.

"ಇದನ್ನ ನೀನು ಬರಿ ಅಕ್ಕಾ."

ನನ್ನ ಅಕ್ಷರ ಕೋಳಿ ಕೆದರಿದ ಹಾಗೆ, ನಿನಗೇ ಗೊತ್ತು. ಅದಕ್ಕೇ ತಾನೇ ಇದನ್ನೆಲ್ಲ ನಿನ್ನ ಕೈಲಿ ಬರೆಸುತ್ತಿರುವುದು. ಆದರೂ ಪೆನ್ನು ಹಿಡಿದೆ. ನಾಲ್ಕು ಮಾತು ಬರೆಯುವುದಕ್ಕೆ ಎಷ್ಟು ಹೊತ್ತು ಹಿಡಿಯಿತೋ, ಅವಳು ಕಣ್ಣು ಮಿಟುಕಿಸದೆ ನೋಡುತ್ತಾ ಕೂತಿದ್ದಳು. "ಬಾಯಿಂದ ಸಿಹಿ ಕಿತ್ತುಕೊಂಡವಳು ನಾನು."